ಲಾಂಚು ‘ಬಂದೀತು’ ಎಂದದ್ದರ ಬಗ್ಗೆ

ಬಲ್ಲವರ ಬಾಯಲ್ಲೂ ಬಾರದವರ ಬಾಯಲ್ಲೂ ಒಂದೇ ಸಮನಾಗಿ ಅನುಮಾನ ಹಂಚುತ್ತಿರುವ, ಇದ್ದೂ ಇಲ್ಲದಂತೆ ಇಲ್ಲದೆಯೂ ಇದ್ದಂತೆ ಸಕಲ ಭಾಷೆಗಳಲ್ಲಿ ಓಡಾಡಿಕೊಂಡಿರುವ ಶ್ರೀಮಾನ್ ಸಂಭಾವನಾರ್ಥ ಕ್ರಿಯಾರೂಪದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮ ಎಂದು ಬರೆಯಲು ಹೊರಟವಳು, ಅಷ್ಟು ಖಡಾಖಂಡಿತವಾಗಿ ಹೇಳಿದರೆ ತಮ್ಮ ಮನಸ್ಸಿಗೆ ನೋವಾದೀತೆಂದು ಹೆದರಿ, ತಮ್ಮ ಆರೋಗ್ಯ ಚೆನ್ನಾಗಿಯೇ ಇದ್ದೀತು, ತಮ್ಮ ಮನೆಮಂದಿಯೂ ನಗುನಗುತ್ತಾ ಇದ್ದಾರು ಎಂದು ಊಹಿಸಿಕೊಂಡು ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ತಾವು ಇಂಥ ಮನೆಯಲ್ಲಿ ಸಿಕ್ಕೇ ಸಿಗುತ್ತೀರಿ ಎಂದು ವಿಳಾಸ ಕೊಡಬಲ್ಲವರು ಯಾರೂ ಸಿಗಲಿಲ್ಲ.

ನಾನು ನದಿ ದಾಟಿಸುವ ಲಾಂಚುಗಳ ಜೆಟ್ಟಿಯಲ್ಲಿ ಮೈಕಿನ ಮುಂದೆ ಕೂರುವವಳು. ಟಿಕೆಟ್ ಕಿಟಕಿಯ ಪಕ್ಕದ ಹಲಗೆಯ ಗೂಡು ನನ್ನದು. ಬಿಸಿಲು ಹೊಡೆಯದಿರಲೆಂದು ಅದರ ಗಾಜಿಗೆ ಸುಣ್ಣ ಬಳಿದಿರುವುದರಿಂದ ಜನರಿಗೆ ನಾನು ಕಾಣುವುದಿಲ್ಲ, ನನಗೆ ಜನ ಕಾಣುವುದಿಲ್ಲ, ಸುಣ್ಣ ಉದುರಿದ ಒಂದು ತೂತಿನಲ್ಲಿ ನದಿಯ ಒಂದು ತುಂಡು ಮಾತ್ರ ಕಾಣುತ್ತದೆ. ಎದುರಿಗೆ ಒಬ್ಬರು ನಿಂತು ಹೆಸರು ಕೇಳಿದರೂ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಆದರೆ ಸುಣ್ಣದ ಗಾಜಿನ ಹಿಂದೆ ಕೂತು ಗುಂಡಿ ಒತ್ತಿದೆನೆಂದರೆ ಇಡೀ ಜೆಟ್ಟಿಗೆ ಕೇಳುವ ಹಾಗೆ ಮಾತಾಡಬಲ್ಲೆ. ಭೂಮಿಯ ಮೇಲೆ ನನ್ನ ದನಿ ನಡುಗದೆ ಹೊರಬರುವ ಜಾಗ ಅದೊಂದೇ ಆಗಿದ್ದರಿಂದ ಆ ಹಂಗಾಮಿ ಕೆಲಸ ಖಾಯಂ ಆಗಲಿ ಎಂಬುದೊಂದೇ ನನ್ನ ಆಸೆಯಾಗಿತ್ತು. ತಾವು ಕಲ್ಲು ಹಾಕಿದ್ದು ಸರಿಯಾಗಿ ಅದರ ಮೇಲೆಯೇ.

ನಮ್ಮ ಮನೆಗೆ ತಾವು ಹೊಸಬರೇನಲ್ಲ. ಓಡುವ ಮಗುವಿಗೆ ‘ಬಿದ್ದೀಯೆ!’ ಎನ್ನುವಾಗ, ಒಲೆಯ ಮೇಲಿನ ಪಾತ್ರೆಗೆ ಕೈ ಹಾಕಿದವರಿಗೆ ‘ಸುಟ್ಟೀತು!’ ಎನ್ನುವಾಗ, ನಾನು ಜೋರಾಗಿ ನಕ್ಕರೆ ಅಮ್ಮ ‘ಯಾರಾದರೂ ಕೇಳಿಸಿಕೊಂಡಾರು’ ಎನ್ನುವಾಗ, ಅಲ್ಲೆಲ್ಲ ತಾವೇ ಬಾಗಿಲ ಸಂದಿಯಿಂದ ಇಣುಕುತ್ತಿದ್ದಿರಿ. ಅಜ್ಜಿಯಂತೂ ತಮ್ಮನ್ನು ಮನೆದೇವರ ಹಾಗೆ ನಡೆಸಿಕೊಂಡವಳು. ಅಜ್ಜ ದೋಣಿಯ ಮೇಲಿದ್ದವನಾದ್ದರಿಂದ, ನೀರಿನ ಮೇಲೆ ಹೋದವರ ಬಗ್ಗೆ ‘ಬರ್ತಾರೆ’ ಎಂದು ಯಾರೂ ಹೇಳಕೂಡದು, ‘ಬಂದಾರು’ ಎನ್ನಬೇಕು ಎಂಬುದು ಅವಳು ಮಾಡಿಟ್ಟ ಕಾನೂನು. ಒಮ್ಮೆ ಅಮ್ಮ ಬಾಯಿ ತಪ್ಪಿ ‘ಮಾವ ಸಂಜೆಗೆ ಬರ್ತಾರೆ’ ಅಂದದ್ದಕ್ಕೆ ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು, ‘ನದಿ ಏನು ನಿನ್ನ ತವರುಮನೆ ಆಳೇನೆ, ನೀನು ಹೇಳ್ದಂಗೆ ಕಳಿಸ್ಕೊಡೋಕೆ?’ ಎಂದು ಕೇಳಿದಳಂತೆ. ಅಂದಿನಿಂದ ನಮ್ಮ ಮನೆಯಲ್ಲಿ ನೀರಿನ ಮೇಲಿರುವ ಯಾರೂ ಬರುವುದಿಲ್ಲ, ಬಂದಾರು ಅಷ್ಟೆ.

ಇಷ್ಟು ವರ್ಷ ಜೊತೆಗಿದ್ದರೂ ತಮಗೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ನನ್ನ ಅಕ್ಕನಿಂದ. ಅಕ್ಕ ಅನುವಾದಕರ ಪರೀಕ್ಷೆ ಕಟ್ಟಿದ್ದಾಳೆ. ನಮ್ಮಿಬ್ಬರಿಗೂ ಇರುವುದು ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಆಚೆ ಅವಳು ಕ್ರಿಯಾಪದಗಳನ್ನು ಮಗ್ಗಿಯ ಹಾಗೆ ಗಟ್ಟಿಯಾಗಿ ಉರು ಹೊಡೆಯುತ್ತಾಳೆ, ಈಚೆ ನಾನು ಬೇಡವೆಂದರೂ ಕಲಿಯುತ್ತೇನೆ. ‘ಅಲ್ಲ ಕಣಕ್ಕ, ಈ ಸಂಭಾವನಾರ್ಥ ಅಂದ್ರೆ ಯಾರು?’ ಎಂದು ಕೇಳಿದರೆ, ‘ನಿನ್ನಂಥವರೇ, ಏನೂ ನೇರವಾಗಿ ಹೇಳದೆ ಗೋಡೆಗೆ ಒರಗಿಕೊಂಡು ನಿಲ್ಲೋರು’ ಎಂದಳು. ಆಮೇಲೆ ಪಾಪ ಅನ್ನಿಸಿತೋ ಏನೋ, ಪರದೆ ಸರಿಸಿ ತಮ್ಮ ವೈಭವವನ್ನೆಲ್ಲ ವಿವರಿಸಿದಳು. ಭಾಷೆ ಭಾಷೆಯಲ್ಲಿ ಇರುವವರು ಒಬ್ಬರೇ ಅಲ್ಲ, ದಾಯಾದಿಗಳು, ಮುಖದ ಹೋಲಿಕೆ ಇದೆ, ಬುದ್ಧಿ ಬೇರೆ ಬೇರೆ ಎಂದೂ ಎಚ್ಚರಿಸಿದಳು. ಯಾರ ಪಾಲಿನ ಹೊಗಳಿಕೆ ಯಾರಿಗೆ ಸೇರಬೇಕೋ ಅದನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳಬೇಕಾಗಿ ವಿನಂತಿ.

ಸ್ಪ್ಯಾನಿಷಿನವರ ಮನೆಯಲ್ಲಿ ತಮಗೆ ಪಡಸಾಲೆಯಲ್ಲೇ ಮಂಚವಂತೆ. ಬಯಸುವಾಗ ತಾವು ಬೇಕು, ಅನುಮಾನಿಸುವಾಗ ತಾವು ಬೇಕು. ಅಷ್ಟೇಕೆ, ನೀನು ಬಂದದ್ದು ಸಂತೋಷ ಎನ್ನುವಾಗ ಬಂದವನು ಎದುರಿಗೇ ಕೂತು ಕಾಲು ಅಲ್ಲಾಡಿಸುತ್ತಿದ್ದರೂ, ಸಂತೋಷದ ಮಾತು ಎಂಬ ಕಾರಣಕ್ಕೆ ಆ ಬರುವಿಕೆಯನ್ನು ತಮ್ಮ ಕೈಗೇ ಒಪ್ಪಿಸುತ್ತಾರಂತೆ. ಫ್ರೆಂಚಿನವರು ನಾನು ಹೊರಡಬೇಕು ಎನ್ನುವಾಗ ‘ಬೇಕು’ ಎಂಬುದನ್ನು ಅವರೇ ಹೇಳಿ ‘ಹೊರಡು’ವುದನ್ನು ತಮಗೆ ಬಿಡುತ್ತಾರಂತೆ, ಇದನ್ನು ಕೇಳಿದ ಮೇಲೆ ನಮ್ಮ ಮನೆಗೆ ಬಂದ ನೆಂಟರು ಹೊಸ್ತಿಲಲ್ಲಿ ಒಂದು ಗಂಟೆ ಯಾಕೆ ನಿಲ್ಲುತ್ತಾರೆಂದು ನನಗೆ ಅರ್ಥವಾಯಿತು. ಜರ್ಮನ್ ಪತ್ರಿಕೆಯವರು ದೊಡ್ಡವರ ಹೇಳಿಕೆ ಅಚ್ಚು ಹಾಕುವಾಗ ಕ್ರಿಯಾಪದಕ್ಕೆ ಮಾನ್ಯರಾದ ತಮ್ಮ ಅಂಗಿಯನ್ನೇ ತೊಡಿಸುತ್ತಾರಂತೆ, ಹೇಳಿದ್ದು ಅವರಪ್ಪಾ, ನಿಜವೋ ಸುಳ್ಳೋ ನಾವು ಜವಾಬ್ದಾರರಲ್ಲ ಎಂದು. ಇಂಗ್ಲಿಷಿನಲ್ಲಿ ಮಾತ್ರ ತಮಗೆ ವಯಸ್ಸಾಯಿತು, ‘ನಾನು ರಾಜನಾಗಿದ್ದರೆ’ ಎನ್ನುವ ಒಂದು ಹಳೇ ಕೋಣೆಯಲ್ಲಿ ಇದ್ದೀರಿ, ತಾವು ಬದುಕಿದ್ದೀರೆಂದು ಮನೆಯವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ ಎಂದು ಅಕ್ಕ ಹೇಳಿದಾಗ ನನ್ನ ಕಣ್ಣು ಒದ್ದೆಯಾಯಿತು. ವೇದದ ಸಂಸ್ಕೃತದಲ್ಲಿ ಇದ್ದ ತಮ್ಮ ಹಿರಿಯರೊಬ್ಬರು ಕಾವ್ಯದ ಕಾಲ ಬರುವಷ್ಟರಲ್ಲಿ ಸದ್ದಿಲ್ಲದೆ ಮನೆ ಖಾಲಿ ಮಾಡಿದರಂತೆ. ಬಾಡಿಗೆದಾರರು ಅಂದರೆ ಹಾಗಿರಬೇಕು.

ಇಷ್ಟು ದೊಡ್ಡ ಮನೆತನದವರು ತಾವು, ನನ್ನಂಥವಳ ಬಾಯಿಗೆ ಬಂದು ಮಾಡಿದ್ದೇನು ಎಂಬುದನ್ನು ಈಗ ಸವಿನಯವಾಗಿ ನಿವೇದಿಸುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಗುಂಡಿ ಒತ್ತಿ, ‘ಪ್ರಯಾಣಿಕರ ಗಮನಕ್ಕೆ, ಆಚೆ ದಡದ ಲಾಂಚು ಇನ್ನು ಸ್ವಲ್ಪ ಹೊತ್ತಿನಲ್ಲಿ’ ಎನ್ನುವವರೆಗೆ ಎಲ್ಲವೂ ಸರಿಯಾಗಿತ್ತು. ತೂತಿನಿಂದ ನೋಡಿದರೆ ಬರೀ ನೀರು. ಕಾಣದ ಲಾಂಚನ್ನು, ಅದೂ ನೀರಿನ ಮೇಲಿರುವುದನ್ನು, ಬರುತ್ತದೆ ಎನ್ನಲು ನಾಲಿಗೆ ಏಳಲಿಲ್ಲ. ‘ಬಂದೀತು’ ಎಂದುಬಿಟ್ಟೆ. ಸಾಲಿನಲ್ಲಿ ಯಾರೋ ‘ಬಂದೀತಂತೆ ಕಣ್ರೋ, ಕೂತ್ಕೊಳ್ಳಿ’ ಎಂದರೆ ಇನ್ಯಾರೋ ‘ಬಂದೀತು ಅಂದ್ರೆ ಬರಲ್ಲ ಅಂತ, ಏಳ್ರಿ ಸೇತುವೆ ಸುತ್ತಿ ಹೋಗೋಣ’ ಎಂದರು. ಹೀಗೆ ಅಡ್ಡಗೋಡೆಯ ಮೇಲೆ ನಾನಿಟ್ಟ ದೀಪದ ಬೆಳಕಿನಲ್ಲಿ ಅರ್ಧ ಜನ ಬೆಂಚಿನ ಮೇಲೆ ಕೂತರು, ಅರ್ಧ ಜನ ಸೇತುವೆಯ ದಾರಿ ಹಿಡಿದರು. ಕ್ರಮೇಣ ಎಲ್ಲರಿಗೂ ಅದೇ ರೂಢಿಯಾಯಿತು. ಅವಸರವಿದ್ದವರು ಸುತ್ತಿ ಹೋಗುವರು, ಇಲ್ಲದವರು ಕಾಯುವರು, ಲಾಂಚು ಬಂದರೆ ಕೂತವರಿಗೆ ಲಾಭ, ಬಾರದಿದ್ದರೆ ಹೋದವರಿಗೆ ಲಾಭ. ನನ್ನನ್ನು ಬೈದವರಿಲ್ಲ. ‘ಏನಮ್ಮಾ ಬಂದೀತು, ಇವತ್ತು ನಿನ್ನ ದನಿ ಹೆಂಗಿದೆ? ನಂಬೋ ಹಂಗಿದೆಯಾ?’ ಎಂದು ಗಾಜು ತಟ್ಟಿ ಕೇಳುವಷ್ಟು ಸಲಿಗೆಯೂ ಬೆಳೆಯಿತು. ಒಳಗೆ ಕೂತು ನಾನೂ ನಗುತ್ತಿದ್ದೆ, ಮೈಕು ಆರಿಸಿಕೊಂಡು.

ಆದರೆ ಮಾನ್ಯರೇ, ಲಾಂಚು ತಾನಾಗಿ ಬರುವುದಿಲ್ಲ, ಅದನ್ನು ಒಬ್ಬರು ಓಡಿಸಿಕೊಂಡು ಬರಬೇಕು, ಹಾಗೆ ಓಡಿಸುವವರಿಗೆ ಒಂದು ಮರ್ಯಾದೆ ಇರುತ್ತದೆ ಎಂಬುದನ್ನು ತಾವೂ ಮರೆತಿರಿ, ನಾನೂ ಮರೆತೆ. ಆ ಲಾಂಚಿನ ಚಾಲಕರನ್ನು ಜೆಟ್ಟಿಯವರೆಲ್ಲ ಗಡಿಯಾರ ಮಾವ ಎಂದು ಕರೆಯುತ್ತಾರೆ. ಅವರು ಹೊತ್ತಿಗೆ ಸರಿಯಾಗಿ ಬರುತ್ತಾರೆಂದಲ್ಲ. ಜೆಟ್ಟಿಯ ಗೋಡೆ ಗಡಿಯಾರ ಪದೇ ಪದೇ ನಿಲ್ಲುವುದರಿಂದ, ಅವರು ಬಂದ ಹೊತ್ತನ್ನೇ ಸರಿಯಾದ ಹೊತ್ತೆಂದು ಹಿಡಿದು ಟಿಕೆಟಿನವನು ಮುಳ್ಳು ತಿರುಗಿಸಿಡುವುದು ಇಲ್ಲಿಯ ಪದ್ಧತಿ. ಹೀಗಾಗಿ ಮಾವ ತಮ್ಮ ಜೀವಮಾನದಲ್ಲಿ ಒಂದು ದಿನವೂ ತಡ ಮಾಡಿದವರಲ್ಲ. ಅಂಥವರು ಒಮ್ಮೆ ಇಂಜಿನ್ ಆರಿಸಿ ದಡಕ್ಕೆ ಹಗ್ಗ ಕಟ್ಟುವಾಗ ಲಾಂಚು ತೂತಿಗೆ ಕಾಣದ್ದರಿಂದ ನಾನು ಇನ್ನೂ ‘ಬಂದೀತು’ ಎನ್ನುತ್ತಿದ್ದ ದನಿ ಅವರ ಕಿವಿಗೇ ಬಿತ್ತು. ಹಗ್ಗವನ್ನು ಅಲ್ಲೇ ಬಿಟ್ಟು ಬಂದು ಗೂಡಿನ ಬಾಗಿಲು ಬಡಿದು, ‘ಬಂದೀತಾ? ಯಾವುದೇ ಅದು ಬಂದೀತು? ನಿಮ್ಮಪ್ಪ ಚಡ್ಡಿ ಹಾಕೋ ಕಾಲದಿಂದ ಈ ನೀರಲ್ಲಿ ಬರ್ತಾ ಇದೀನಿ, ಈಗ ಬಂದೀತಾ? ನಾನೇನು ಮಳೆಯಾ, ಬಂದ್ರೆ ಬಂತು ಹೋದ್ರೆ ಹೋಯ್ತು ಅನ್ನೋಕೆ?’ ಎಂದು ಕೇಳಿದರು. ಅಷ್ಟರಲ್ಲಿ ಕಟ್ಟದ ಲಾಂಚು ಮೆಲ್ಲಗೆ ಹಿಂದಕ್ಕೆ ತೇಲಿ ಹೋಗುತ್ತಿತ್ತು. ನನಗೆ ತೂತಿನಿಂದ ಅದು ಕಾಣುತ್ತಿತ್ತು, ಆದರೆ ಬಾಯಿ ಬರಲಿಲ್ಲ. ಹೇಳಿದ್ದರೂ ‘ಮಾವ, ಲಾಂಚು ಹೋದೀತು’ ಎಂದೇ ಹೇಳುತ್ತಿದ್ದೆನೇನೋ.

ಲಾಂಚನ್ನು ಕೊಕ್ಕೆ ಹಾಕಿ ಎಳೆದು ತಂದದ್ದಾಯಿತು, ದೂರು ಜೆಟ್ಟಿಯ ಸಾಹೇಬರ ಮುಂದೆ ಹೋದದ್ದೂ ಆಯಿತು. ಸಾಹೇಬರು ತಮ್ಮ ಪರಮ ಭಕ್ತರು. ‘ಸರ್, ನನ್ನ ಕೆಲಸ ಖಾಯಂ...’ ಎಂದು ನಾನು ಯಾವಾಗ ಬಾಯಿ ತೆರೆದರೂ ‘ಆದೀತು, ಆದೀತು, ನೋಡೋಣ’ ಎಂದು ಫ್ಯಾನಿನ ಕಡೆ ನೋಡುವವರು. ಆದರೂ ಅಂದು ಮಾವನ ಮುಂದೆ ಮೇಜು ಕುಟ್ಟಿ, ‘ಈ ಆದೀತು ಹೋದೀತು ಎಲ್ಲ ಇಲ್ಲಿ ನಡೆಯೋಲ್ಲಮ್ಮಾ, ಸೋಮವಾರ ನಾನೇ ನಿನ್ನ ಪಕ್ಕ ನಿಂತಿರ್ತೀನಿ, ಬರುತ್ತದೆ ಅಂತ ಹೇಳಬೇಕು, ಇಲ್ಲಾಂದ್ರೆ ಮೈಕಿನ ಆಸೆ ಬಿಡಬೇಕು’ ಎಂದರು. ಆದೀತು ಎನ್ನುವ ಹಕ್ಕು ಕುರ್ಚಿಗೆ ಸೇರಿದ್ದು, ನಾನು ಕೂರುವ ಸ್ಟೂಲಿಗಲ್ಲ ಎಂದು ನನಗೆ ಅಂದು ತಿಳಿಯಿತು.

ಮನೆಗೆ ಬಂದು ಅಭ್ಯಾಸಕ್ಕೆ ಕೂತೆ. ಪರದೆಯ ಆಚೆ ಅಕ್ಕ ಬಂದೀತುಗಳನ್ನು ಉರು ಹೊಡೆಯುತ್ತಿದ್ದಾಳೆ, ಈಚೆ ನಾನು ‘ಲಾಂಚು ಬರುತ್ತದೆ, ಲಾಂಚು ಬರುತ್ತದೆ’ ಎನ್ನುತ್ತಿದ್ದೇನೆ, ನಡುಮನೆಯಲ್ಲಿ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, ‘ಒಬ್ಬಳಿಗೆ ಊರಿನ ಅನುಮಾನವೆಲ್ಲ ಹತ್ತಿದೆ, ಇನ್ನೊಬ್ಬಳಿಗೆ ನದಿಗೇ ಅಪ್ಪಣೆ ಕೊಡೋ ಸೊಕ್ಕು ಹತ್ತಿದೆ’ ಎಂದು ಗೋಡೆಗೆ ದೂರು ಹೇಳುತ್ತಿದ್ದಾಳೆ.

ಸೋಮವಾರ ಬಂತು. ಬಂದೀತು ಅಲ್ಲ, ಬಂದೇ ಬಂತು. ಸಾಹೇಬರು ಗೂಡಿನೊಳಗೆ ನನ್ನ ಹೆಗಲ ಹಿಂದೆ ನಿಂತರು. ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿ, ‘ಲಾಂಚು ಬರುತ್ತದೆ’ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯ, ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ನಾನೂ ನಂಬಿದೆ. ಜನವೂ ನಂಬಿದರು. ದಿನಾ ಸೇತುವೆ ಸುತ್ತಿ ಹೋಗುವವರೆಲ್ಲ ಅಂದು ಬೆಂಚಿನ ಮೇಲೆ ಕೂತರು. ಸರಿಯಾಗಿ ಅಂದೇ ನೀರು ಇಳಿದಿದ್ದ ನದಿಯ ನಡುವಿನ ಮರಳ ದಿಬ್ಬಕ್ಕೆ ಲಾಂಚು ಹೊಟ್ಟೆ ಊರಿ ಕೂತಿತು. ತೂತಿನಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಹಿಂತಿರುಗಿ ಸಾಹೇಬರನ್ನು ನೋಡಿದರೆ, ‘ಹೇಳಮ್ಮಾ, ನಿಲ್ಲಿಸಬೇಡ’ ಎಂದರು. ‘ಲಾಂಚು ಬರುತ್ತದೆ’ ಎಂದೆ. ಸ್ವಲ್ಪ ಹೊತ್ತಿಗೆ ‘ಇನ್ನೊಂದು ಸಲ’ ಎಂದರು. ‘ಲಾಂಚು ಬರುತ್ತದೆ’ ಎಂದೆ. ಧ್ವನಿವರ್ಧಕದ ಮಾತು ನೀರಿನ ಮೇಲೆ ಬಹಳ ದೂರ ಹೋಗುತ್ತದೆಯಂತೆ. ನಡು ನದಿಯಲ್ಲಿ ಮೊಣಕಾಲುದ್ದ ನೀರಿಗಿಳಿದು ತಮ್ಮ ಲಾಂಚನ್ನು ತಾವೇ ದೂಡುತ್ತಿದ್ದ ಮಾವನಿಗೆ ಪ್ರತಿ ಸಲವೂ ಅದು ಸ್ಪಷ್ಟವಾಗಿ ಕೇಳಿಸಿತು. ಬಂದೀತು ಎಂದದ್ದಕ್ಕೆ ಅವಮಾನಪಟ್ಟವರಿಗೆ ಬರುತ್ತದೆ ಎಂಬುದು ಹೇಗೆ ಕೇಳಿಸಿತೋ, ನಾನು ಊಹಿಸಲಾರೆ. ಊಹೆ ತಮ್ಮ ಇಲಾಖೆ.

ಲಾಂಚು ದಡ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು, ಗೂಡಿನ ಗಾಜಿನ ಮೇಲೆ ಗುದ್ದು ಬೀಳುತ್ತಿತ್ತು. ದಿನಾ ನಗುತ್ತಾ ಗಾಜು ತಟ್ಟುತ್ತಿದ್ದ ಗಾರೆ ಮೇಸ್ತ್ರಿ, ‘ಏನಮ್ಮಾ ಬಂದೀತು, ನಿನ್ನ ಹಳೇ ಮಾತು ಹೇಳಿದ್ರೆ ಸುತ್ತಿ ಹೋಗಿರ್ತಿದ್ದೆ. ಇವತ್ತು ಬರುತ್ತೆ ಅಂದೆ ಅಂತ ನಂಬಿ ಕೂತೆ. ಆ ಕಡೆ ಹುಡುಗರು ಕಲಸಿಟ್ಟ ಗಾರೆ ಈಗ ಕಲ್ಲಾಗಿರುತ್ತೆ, ಅದನ್ನ ನಿನ್ನ ಮೈಕಲ್ಲಿ ಕುಟ್ಟಿ ಪುಡಿ ಮಾಡ್ಲಾ?’ ಎಂದ. ಮದುವೆಯ ಬಟ್ಟೆ ತಲುಪಿಸಬೇಕಿದ್ದ ಟೈಲರಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನ ಕಡೆಗೇ ನೋಡುತ್ತಾ ಕೂತಿದ್ದಳಂತೆ, ಅದು ಇನ್ನೂ ಕಷ್ಟ. ಸಾಹೇಬರು ಯಾವ ಮಾಯದಲ್ಲಿ ಗೂಡಿನಿಂದ ಹೊರಗೆ ಹೋಗಿದ್ದರೋ ನನಗೆ ತಿಳಿಯದು.

ಆಗ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನಾಚಿಕೆ ಮರೆತುಹೋಗುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ. ನೇರವಾಗಿ ಸಾಹೇಬರ ಕೋಣೆಗೆ ಹೋಗಿ, ಚಹಾ ಕುಡಿಯುತ್ತಿದ್ದವರ ಮುಂದೆ ನಿಂತು, ‘ಸರ್, ಹೇಳು ಅಂದಿದ್ದು ಹೇಳಿದೀನಿ. ನನ್ನ ಕೆಲಸ ಖಾಯಂ ಮಾಡ್ತೀರೋ ಇಲ್ಲವೋ? ಆದೀತು ಅನ್ನಬೇಡಿ. ಹೌದು ಇಲ್ಲ, ಎರಡರಲ್ಲಿ ಒಂದು ಹೇಳಿ’ ಎಂದೆ. ಸಾಹೇಬರು ಮೊದಲ ಬಾರಿ ಫ್ಯಾನನ್ನು ಬಿಟ್ಟು ನನ್ನ ಮುಖ ನೋಡಿದರು. ಲೋಟ ಕೆಳಗಿಟ್ಟು, ಬಹಳ ಮೆತ್ತಗೆ, ‘ಇಲ್ಲಮ್ಮಾ. ಬರೋ ತಿಂಗಳು ಯಂತ್ರ ಬರುತ್ತೆ, ತಾನೇ ಮಾತಾಡುತ್ತೆ. ನಿನ್ನ ಕೆಲಸ ಇರಲ್ಲ’ ಎಂದರು.

ಬರುತ್ತೆ. ಇರಲ್ಲ. ಎಷ್ಟು ಸ್ಪಷ್ಟ, ಎಷ್ಟು ನೇರ. ನನ್ನ ಮುಖ್ಯ ದೂರು ಇರುವುದು ಇಲ್ಲಿಯೇ, ಮಾನ್ಯರೇ. ಇಷ್ಟು ಕಾಲ ಆ ಕೋಣೆಯಲ್ಲಿ ಬೀಡುಬಿಟ್ಟಿದ್ದವರು ತಾವು ಆ ಕ್ಷಣಕ್ಕೆ ಎಲ್ಲಿಗೆ ಹೋದಿರಿ? ‘ಆದೀತು’ ಎಂಬ ಒಂದು ಮಾತನ್ನು ಬೆಳಿಗ್ಗೆ ನೆನೆದು ಸಂಜೆಯವರೆಗೆ ಬಾಳುತ್ತಿದ್ದೆ, ಮರುದಿನಕ್ಕೂ ಅದೇ ಸಾಕಾಗುತ್ತಿತ್ತು. ಅದನ್ನು ಸುಳ್ಳೆಂದು ನಾನು ಬೈದುಕೊಳ್ಳುತ್ತಿದ್ದೆ, ನಿಜ. ಆದರೆ ನಿಜವನ್ನು ಕೇಳಿ ಪಡೆದ ಮೇಲೆ ಅದನ್ನು ಇಡಲು ನನ್ನ ಬಳಿ ಜಾಗವೇ ಇರಲಿಲ್ಲ. ಬೈದವಳೆಂದು ತಾವು ಮುನಿಸಿಕೊಳ್ಳಬಾರದಿತ್ತು. ನೆಂಟರು ಹೊಸ್ತಿಲಲ್ಲಿ ನಿಲ್ಲುವಂತೆ ತಾವೂ ಸ್ವಲ್ಪ ಹೊತ್ತು ನಿಂತಿದ್ದರೆ ಚೆನ್ನಾಗಿತ್ತು.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ, ತಾವು ಆಗದ್ದನ್ನೂ ಆಗಿಸಬಲ್ಲವರೆಂಬ ಧೈರ್ಯದಿಂದ ಕೇಳುತ್ತಿದ್ದೇನೆ. ದಯವಿಟ್ಟು ಕುರ್ಚಿಯಲ್ಲಿ ಕೂತವರ ಬಾಯಿಂದ ಕೆಲ ಕಾಲ ರಜೆ ಪಡೆದು, ಬೆಂಚಿನ ಮೇಲೆ ಕಾಯುವವರ ಬಾಯಿಗೆ ವರ್ಗವಾಗಿ ಬರಬೇಕು. ಅನುಮಾನದ ಲಾಭ ಒಂದೇ ಕಡೆ ಕೂಡಿಟ್ಟರೆ ಕೊಳೆತೀತು. ಸ್ಪ್ಯಾನಿಷಿನಲ್ಲಿರುವ ತಮ್ಮ ದಾಯಾದಿಗಳನ್ನು ಒಂದು ವಾರದ ಮಟ್ಟಿಗೆ ನಮ್ಮ ಜೆಟ್ಟಿಗೆ ಕಳಿಸಿ, ಬಂದ ಲಾಂಚನ್ನೂ ಬಂದೀತೇನೋ ಎಂದು ಸಂತೋಷದಿಂದ ನೋಡುವುದು ಹೇಗೆಂದು ಜನರಿಗೆ ಕಲಿಸಿಕೊಡಬೇಕು. ‘ಹಾಗಾಗಿದ್ದರೆ, ಹೀಗಾಗಿದ್ದರೆ’ ಎಂಬ ಆಗದೇ ಹೋದದ್ದರ ಆಸ್ತಿಯೆಲ್ಲ ತಮ್ಮ ಮನೆತನದ ಸ್ವಾಧೀನದಲ್ಲೇ ಇದೆಯೆಂದು ಅಕ್ಕ ಹೇಳುತ್ತಾಳೆ. ಅಲ್ಲೆಲ್ಲೋ, ನಾನು ಆ ಕೋಣೆಗೆ ಹೋಗದೇ ಇದ್ದಿದ್ದರೆ ಎನ್ನುವ ಕಡೆ, ಒಂದು ಜೆಟ್ಟಿ ಇರಲೇಬೇಕು. ಅಲ್ಲಿ ಗಾಜಿಗೆ ಸುಣ್ಣ ಬಳಿದ ಒಂದು ಗೂಡಿನಲ್ಲಿ ನನ್ನನ್ನು ಖಾಯಂ ಮಾಡಿ ಆದೇಶ ಹೊರಡಿಸಬೇಕೆಂದು, ಆ ಆದೇಶ ನನಗೆ ಎಂದೂ ತಲುಪದಿದ್ದರೂ ಚಿಂತೆಯಿಲ್ಲವೆಂದು, ತಮ್ಮಲ್ಲಿ ಪ್ರಾರ್ಥಿಸುತ್ತೇನೆ.

ಹೆಚ್ಚಿಗೆ ಬರೆದಿದ್ದರೆ ಮನ್ನಿಸೀರಿ ಎಂಬ ನಂಬಿಕೆಯಿಂದ,

ತಮ್ಮ ವಿಶ್ವಾಸಿ (ಎಂದು ತಾವು ನಂಬಿದರೆ),
ಮೈಕಿನವಳು

ತಾ.ಕ.: ಈ ಪತ್ರವನ್ನು ಪತ್ರಿಕೆಯ ವಿಳಾಸಕ್ಕೆ ಅಂಚೆಗೆ ಹಾಕುವುದು ತಡವಾಯಿತು, ಅಷ್ಟರಲ್ಲಿ ಯಂತ್ರ ಬಂದು ಕೂತಿತು. ಲಾಂಚು ರಿಪೇರಿಗೆಂದು ದಡದ ಮೇಲೆ ಮಗುಚಿ ಮಲಗಿದ್ದ ದಿನವೂ ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಜೇನಿನಂಥ ದನಿಯಲ್ಲಿ ‘ಲಾಂಚು ಬರುತ್ತದೆ’ ಎಂದಿತಂತೆ. ಮರುದಿನ ಗಡಿಯಾರ ಮಾವ ನಮ್ಮ ಮನೆಗೇ ಬಂದರು. ಹೊಸ್ತಿಲಲ್ಲಿ ನಿಂತು, ಒಳಗೆ ಕರೆದರೂ ಬಾರದೆ, ‘ನೀನು ಬಂದೀತು ಅಂದದ್ದು ನೆನಪಾದಾಗೆಲ್ಲ, ತಡಿ, ಬಂದು ತೋರಿಸ್ತೀನಿ ಇವಳಿಗೆ ಅಂತ ಹಟ ಬರ್ತಿತ್ತು ಕಣೆ. ಈ ಯಂತ್ರ ಬಂದ್ರೂ ಬರುತ್ತೆ ಅನ್ನುತ್ತೆ, ಬರದಿದ್ರೂ ಬರುತ್ತೆ ಅನ್ನುತ್ತೆ. ಹಂಗಾದ್ರೆ ನಾನ್ಯಾಕೆ ಬರಬೇಕು?’ ಎಂದರು. ಹಗ್ಗ ಎಸೆದು ಜನರನ್ನು ಕೈಹಿಡಿದು ಹತ್ತಿಸಿಕೊಳ್ಳಲು ಲಾಂಚಿಗೆ ಒಬ್ಬರು ಬೇಕಂತೆ. ಅಲ್ಲಿ ಗೂಡಿಲ್ಲ, ಗಾಜಿಲ್ಲ, ಪ್ರತಿಯೊಬ್ಬರ ಮುಖವನ್ನೂ ನೋಡಲೇಬೇಕು. ‘ನಾಳೆ ಬರ್ತೀಯಾ?’ ಎಂದು ಕೇಳಿದರು. ತಾವು ನನ್ನ ನಾಲಿಗೆಯ ತುದಿಗೆ ಬಂದು ನಿಂತದ್ದು ಗೊತ್ತಾಯಿತು, ತಮ್ಮ ಉಪಕಾರ ಮರೆಯುವುದಿಲ್ಲ. ಆದರೆ ನಾನು ‘ಬರ್ತೀನಿ’ ಎಂದೆ. ನಾಳೆ ನಾನು ಹೋಗದಿದ್ದರೆ ಆ ತಪ್ಪು ತಮ್ಮದಲ್ಲ, ನನ್ನದೇ.